ಒಂದು ಗಂಟು, ಒಂದು ಟೆಂಟು

ಟೆಂಟು ಹಾಕುವುದು ನನಗೆ ನೀರು ಕುಡಿದಷ್ಟು ಸುಲಭ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕಾರ್ಕಳದಲ್ಲಿ ಓದುವಾಗ ನಾನು ಗೈಡ್ಸ್‌ನಲ್ಲಿದ್ದವಳು. ನಾನು ಹಾಕಿದ ಗಂಟು ಬಿಚ್ಚಲು ಇಬ್ಬರು ಟೀಚರುಗಳು ಬೇಕಾಗುತ್ತಿತ್ತು! ಈ ಐತಿಹಾಸಿಕ ಸತ್ಯವನ್ನು ಮದುವೆಯಾದಂದಿನಿಂದ ಗಂಡ ಲ್ಯಾನ್ಸಿಗೆ ಬಿಡದೆ ಹೇಳುತ್ತ ಬಂದಿದ್ದೇನೆ.

ಚಳಿಗಾಲ ಶುರುವಾದಾಗ ಗಲ್ಫಿನ ಸಿಲಿಕಾನ್ ಓಯಸಿಸ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಕ್ಯಾಂಪಿಂಗ್ ಮಾತು ಬಂತು.

"ಟೂರಿನವರಿಗೆ ಹೇಳುವ. ಅವರೇ ಟೆಂಟ್ ಹಾಕಿ ಕೊಡ್ತಾರೆ" ಎಂದ ಲ್ಯಾನ್ಸಿ.

"ನಾನಿರುವಾಗ ಟೂರಿನವರು ಎಂತಕ್ಕೆ? ನಾನು ಗೈಡ್ಸ್‌ನಲ್ಲಿದ್ದಾಗ..."

"ಆಯ್ತು ಮಾರಾಯ್ತಿ! ಟೆಂಟ್ ನಿಂತರೆ ಜೀವಮಾನವಿಡೀ ಅದನ್ನೇ ಹೇಳು, ಕೇಳ್ತೇನೆ. ಬಿದ್ದರೆ ಗೈಡ್ಸ್ ಎನ್ನುವ ಶಬ್ದವೇ ಖಲಾಸ್!"

"ಡೀಲ್!" ಎಂದಳು ಮಗಳು ಶರಲ್. ಅವಳನ್ನು ಯಾರೂ ಕೇಳಿರಲಿಲ್ಲ.

ಪಕ್ಕದ ಫ್ಲ್ಯಾಟಿನ ಹಮೀದಾಕನಿಗೆ ನೈಫ್ ಪೇಟೆಯಲ್ಲಿ ಹಗ್ಗ, ಟಾರ್ಪಾಲಿನ ಅಂಗಡಿ ಉಂಟು. ಟೆಂಟು, ಅವರು ಕೊಟ್ಟ ಗಟ್ಟಿ ಹಗ್ಗ, ಬಫಾತ್ ಮಸಾಲೆ ಪುಡಿ ಹಚ್ಚಿದ ಕೋಳಿ, ಇದ್ದಿಲು ಎಲ್ಲ ಹೇರಿಕೊಂಡು ಅಲ್ ಐನ್ ದಾರಿಯ ಮರುಭೂಮಿಯಲ್ಲಿರುವ ಗಾಫ್ ಮರಗಳ ಕಾಡಿಗೆ ಹೊರಟೆವು. ಕಾಡು ಎಂದರೆ, ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗಲು ಕಾರು ಬೇಕು. ನಮಗೆ ಸಿಕ್ಕ ಒಂದೇ ಮರದ ನೆರಳಿನಲ್ಲಿ ಎರಡು ಒಂಟೆಗಳು ಆಗಲೇ ಸಂಸಾರ ಹೂಡಿದ್ದವು.

ಮರಳಿಗೆ ಗೂಟ ಹೊಡೆದೆ. ಗೂಟ ಬೆಣ್ಣೆಯೊಳಗೆ ಚಾಕು ಇಳಿದ ಹಾಗೆ ಇಳಿಯಿತು. ಅಷ್ಟೇ ಸುಲಭವಾಗಿ ಹೊರಗೂ ಬಂತು! ಒಮ್ಮೆ ಗಾಳಿ ಬೀಸಿದ್ದೇ ಟೆಂಟು ಒಂಟೆಗಳ ಕಡೆ ಹೊರಟಿತು. ನಾನು ಅದರ ಹಿಂದೆ ಓಡಿದೆ.

"ಮಮ್ಮಾ, ಆರ್ ಯು ಶೂರ್?" ಎಂದು ಕೇಳಿದಳು ಶರಲ್.

ಮರ್ಯಾದೆಯ ಪ್ರಶ್ನೆ! ಲ್ಯಾನ್ಸಿ ಕಾರಿನಲ್ಲಿ ಎಸಿ ಹಾಕಿಕೊಂಡು ಪ್ರಕೃತಿಯನ್ನು ಸವಿಯುತ್ತಿದ್ದ. ನನಗೆ ತಟ್ಟನೆ ಹೊಳೆಯಿತು. ಕಾರಿಗಿಂತ ಗಟ್ಟಿಯಾದ ಗೂಟ ಯಾವುದುಂಟು? ಟೆಂಟಿನ ಹಗ್ಗವನ್ನು ಕಾರಿನ ಹಿಂದಿನ ಕೊಕ್ಕೆಗೆ ಬಿಗಿದು, ನನ್ನ ಸುಪ್ರಸಿದ್ಧ ಗಂಟು ಹಾಕಿದೆ.

ಟೆಂಟು ನಿಂತಿತು! ಒಳಗೆ ಹೋಗಿ ಕಾಲು ಚಾಚಿ ಮಲಗಿದೆ. ಇನ್ನು ಜೀವಮಾನವಿಡೀ ಹೇಳಬಹುದಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅಂಥ ಸುಖ ನನಗೆ ಹೆರಿಗೆಯಾದ ಮೇಲೂ ಸಿಕ್ಕಿರಲಿಲ್ಲ.

ಹೊರಗಿನಿಂದ ಲ್ಯಾನ್ಸಿ ಕೂಗಿದ: "ಬೆಂಕಿಪೆಟ್ಟಿಗೆ ತಂದಿಲ್ವಾ? ಪೆಟ್ರೋಲ್ ಪಂಪಿಗೆ ಹೋಗಿ ತರ್ಲಾ?"

"ಯಲ್ಲಾ, ಬೇಗ ಹೋಗಿ ಬಾ!" ಎಂದೆ.

ಹೌದು, ನಾನೇ ಅಂದೆ. ನನ್ನ ಬಾಯಿಂದಲೇ ಅಂದೆ!

ಮೊದಲು ಟೆಂಟಿನ ಒಂದು ಗೋಡೆ ಹೋಯಿತು. ಆಮೇಲೆ ನೆಲ ಹೊರಟಿತು. ನೆಲದ ಮೇಲೆ ನಾನಿದ್ದೆ. ಚಾಪೆ, ಕೋಳಿಯ ಪಾತ್ರೆ ಮತ್ತು ನಾನು ಒಂದೇ ಮುದ್ದೆಯಾಗಿ ಮರಳಿನ ಮೇಲೆ ಜಾರತೊಡಗಿದೆವು. ಹಿಂದಿನಿಂದ ಶರಲ್ ಕಿರುಚುವುದು ಕೇಳಿಸಿತು: "ಪಪ್ಪಾ, ಸ್ಟಾಪ್! ಮಮ್ಮಾ ಈಸ್ ಆಲ್ಸೋ ಕಮಿಂಗ್!"

ಪುಣ್ಯಕ್ಕೆ ಕಾರಿನ ಚಕ್ರ ಮರಳಿನಲ್ಲಿ ಹೂತು ನಿಂತಿತು. ಲ್ಯಾನ್ಸಿ ಇಳಿದು ಬಂದು ನೋಡುವಾಗ ನನ್ನ ತಲೆಗೂದಲಿನಲ್ಲಿ ಕೋಳಿಯ ಒಂದು ಕಾಲಿತ್ತು.

"ಪೆಟ್ಟಾಯ್ತಾ?" ಎಂದು ಗಾಬರಿಯಿಂದ ಕೇಳಿದ. ಇಲ್ಲವೆಂದು ತಿಳಿದ ಮೇಲೆ ಮರಳಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಒಂಟೆಗಳು ಮಾತ್ರ ಗಂಭೀರವಾಗಿದ್ದವು.

ಗಂಟು ಬಿಚ್ಚಲು ಇಬ್ಬರಿಂದಲೂ ಆಗಲಿಲ್ಲ. ಕೊನೆಗೆ ಹಗ್ಗವನ್ನೇ ಕೊಯ್ದು, ಕಾರನ್ನು ಮರಳಿನಿಂದ ತಳ್ಳಿ ಎಬ್ಬಿಸಿ, ಪೆಟ್ರೋಲ್ ಪಂಪಿನಲ್ಲಿ ಪರೋಟ ತಿಂದು, ಮನೆಯ ಮಂಚದ ಮೇಲೆ ಮಲಗಿದೆವು.

ಮರುದಿನ ಪಾರ್ಕಿಂಗಿನಲ್ಲಿ ಹಮೀದಾಕ ನಮ್ಮ ಕಾರಿನ ಹಿಂದೆ ಬಗ್ಗಿ ನಿಂತಿದ್ದರು. ಕೊಕ್ಕೆಯಲ್ಲಿ ಉಳಿದಿದ್ದ ಗಂಟನ್ನು ಎಳೆದು ನೋಡಿದರು, ಜಗ್ಗಿ ನೋಡಿದರು. ಅದು ಅಲುಗಲಿಲ್ಲ.

"ಇಷ್ಟು ವರ್ಷ ಹಗ್ಗ ಮಾರಿದ್ದೇನೆ, ಇಂಥ ಗಂಟು ನೋಡಿದ್ದಿಲ್ಲ! ಯಾರು ಹಾಕಿದ್ದು?"

"ನಾನು!" ಎಂದೆ. ಎದೆ ಉಬ್ಬಿತು.

"ಮಾಶಾಲ್ಲಾ! ಎಲ್ಲಿ ಕಲ್ತದ್ದು ನೀವು?"

ಇಡೀ ಜೀವನ ನಾನು ಕಾಯುತ್ತಿದ್ದ ಪ್ರಶ್ನೆ! ಬಾಯಿ ತೆರೆದೆ. ಲ್ಯಾನ್ಸಿ ಕೆಮ್ಮಿದ. ಶರಲ್ ಮೆಲ್ಲನೆ, "ಮಮ್ಮಾ, ಡೀಲ್" ಎಂದಳು.

"ಮೊಬೈಲಿನಲ್ಲಿ ವೀಡಿಯೊ ನೋಡಿ ಕಲ್ತದ್ದು, ಹಮೀದಾಕ" ಎಂದೆ.