ಹೊರಗಿನ ಹೋತ

ಪಶು ಆಸ್ಪತ್ರೆಯ ಡಾಕ್ಟರು ಹೇಳಿದ್ದು ಇಷ್ಟೇ: "ನಿಮ್ಮ ಹೋತ ತಾಯಿ, ತಂಗಿ ಅಂತ ನೋಡದೆ ಸಂಸಾರ ಮಾಡ್ತಿದೆ. ಮರಿ ಉಳಿಯೋದು ಹೇಗೆ? ಹೊರಗಿನ ರಕ್ತ ತನ್ನಿ."

ಬಸರೀಕಟ್ಟೆಯ ಯೋಗೇಂದ್ರನ ತಲೆಯೊಳಗೆ ಹುಳ ಬಿಡಲು ಅಷ್ಟು ಸಾಕಾಯಿತು. ಹಿಂದಿನ ಎರಡು ಸೂಲಿನ ಮರಿಗಳೂ ಬಡಕಲಾಗಿ ಹುಟ್ಟಿ ಸತ್ತಿದ್ದವು. ಮಾಂಸದ ಅಂಗಡಿಗೆ ಕೊಡಲು ಒಂದೂ ಇರಲಿಲ್ಲ. "ಇನ್ನೊಂದ್ಸಲ ಹೀಗಾದ್ರೆ ಅಷ್ಟೂ ಆಡು ಮಾರಿಬಿಡೋದೇ," ಎಂದು ಹೆಂಡತಿ ಮಾಲತಿ ಕಡ್ಡಿ ಮುರಿದಂತೆ ಹೇಳಿದ್ದಳು. ಕೊಟ್ಟಿಗೆ ಖಾಲಿಯಾಗುವುದು ಯೋಗೇಂದ್ರನಿಗೆ ಸುತರಾಂ ಬೇಡವಾಗಿತ್ತು.

ಬೆಳಿಗ್ಗೆಯೇ ಪಕ್ಕದ ಮನೆಯ ಕಮಲಕ್ಕ ಬೇಲಿಗೆ ಬಂದಳು. "ಹೋತಕ್ಕೆ ಊರು ಸುತ್ತೋದು ಎಂತಕ್ಕೆ? ನಮ್ಮ ಹೋತ ಇಲ್ವಾ?"

"ಅದಕ್ಕೂ ನಮ್ಮದಕ್ಕೂ ಅಪ್ಪ ಒಂದೇ ಕಮಲಕ್ಕ. ಆಗಲ್ಲ."

"ನಿನ್ನ ಮದುವೆಗೆ ನಿಮ್ಮಪ್ಪ ಇಷ್ಟು ವಿಚಾರಿಸ್ಲಿಲ್ಲ ಮಾರಾಯ!"

"ವಿಚಾರಿಸಬೇಕಾಗಿದ್ದು ನಮ್ಮಪ್ಪ," ಎಂದಳು ಮಾಲತಿ ಒಳಗಿನಿಂದ.

ಕೆರೆಕಟ್ಟೆಯ ಭೈರಪ್ಪನೂ ಹೋತ ಬದಲಿಸಲು ನೋಡುತ್ತಿದ್ದಾನೆಂದು ತಿಳಿದು, ಯೋಗೇಂದ್ರ ತನ್ನ ಕೆಂದು ಹೋತವನ್ನು ಜೀಪಿಗೆ ಹತ್ತಿಸಿದ. ಹೋತದ ನಾತಕ್ಕೆ ಜನ ಮೂಗು ಮುಚ್ಚಿಕೊಂಡರು. ಅದು ಎದುರು ಕೂತವರ ಚೀಲಕ್ಕೆ ಬಾಯಿ ಹಾಕಿ ಅರ್ಧ ಕವಳೆ ವೀಳ್ಯದೆಲೆ ಮುಗಿಸಿತು. ಎಲೆಯ ಯಜಮಾನ ಎದ್ದು ನಿಂತು ಬೈದ. ಶೃಂಗೇರಿಯಿಂದಾಚೆ ಇನ್ನೊಂದು ಜೀಪಿನವನು, "ಒಳಗೆ ಬೇಡ," ಎಂದು ಇಬ್ಬರನ್ನೂ ಹಿಂದೆ ನಿಲ್ಲಿಸಿದ. ಯೋಗೇಂದ್ರ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಹೋತದ ಕುತ್ತಿಗೆ ಹಿಡಿದು ಕೆರೆಕಟ್ಟೆ ಮುಟ್ಟಿದ.

ಭೈರಪ್ಪ ಒಂದು ಕರಿ ಹೋತ ತಂದು ನಿಲ್ಲಿಸಿದ. ಎದೆ ಅಗಲ, ತೊಡೆ ತುಂಬಿಕೊಂಡಿತ್ತು. ಯೋಗೇಂದ್ರ ಬರೀ ನೋಟಕ್ಕೆ ಸೋಲಲಿಲ್ಲ.

"ಇದರ ತಾಯಿ ಹೇಗೆ?"

"ಸಂತೆಲಿ ತಗೊಂಡಿದ್ದು ಮಾರಾಯ್ರೆ. ಮಾರಿದೋರು ಬಾಳ ಸಾಚಾ ಜನ. ತಾಯಿ ಯಾವಾಗ್ಲೂ ಅವಳಿ ಹಾಕ್ತದಂತೆ. ಮಳೆಗೆ ಕೆಮ್ಮಿದ್ದೇ ಇಲ್ವಂತೆ. ಕಂಡೋರ ಮನೆ ಹುರುಳಿಕಾಯಿ ಚಪ್ಪರಕ್ಕೆ ನುಗ್ಗೋದೊಂದೇ ಚಟ."

"ಅಬ್ಬ! ಅಂಥ ತಾಯಿ ಪುಣ್ಯ ಮಾಡಿದೋರಿಗೆ ಸಿಗ್ಬೇಕು," ಎಂದು ಯೋಗೇಂದ್ರ ಮನಸಾರೆ ಹೊಗಳಿದ. ಇಬ್ಬರೂ ಹಗ್ಗ ಬದಲಾಯಿಸಿಕೊಂಡು ಕೈಮುಗಿದರು.

ಸಂಜೆ ಬಸರೀಕಟ್ಟೆಯಲ್ಲಿ ಇಳಿಯುತ್ತಲೇ ಕರಿ ಹೋತ ಹಗ್ಗ ಕಿತ್ತುಕೊಂಡು ಓಡಿತು. "ಹಿಡೀರಿ!" ಎಂದು ಯೋಗೇಂದ್ರ ಬೆನ್ನು ಹತ್ತಿದ. ಹೋತ ರಸ್ತೆ ಬಿಟ್ಟು ಒಳದಾರಿ ಹಿಡಿಯಿತು, ಹಳ್ಳದ ಸಂಕ ದಾಟಿತು, ಯೋಗೇಂದ್ರನದೇ ಬೇಲಿಯ ಕಂಡಿಯಲ್ಲಿ ನುಸುಳಿ, ಅಡುಗೆಮನೆ ಹಿಂದಿನ ಕಲಗಚ್ಚಿನ ಬಾನಿಗೆ ಬಾಯಿ ಹಾಕಿತು.

"ನೋಡಿದ್ರಾ ಕಮಲಕ್ಕ! ಒಳ್ಳೆ ರಕ್ತ ಅಂದ್ರೆ ಇದು. ತೋರಿಸದೆ ಮನೆ ಕಂಡುಹಿಡೀತು!" ಎಂದು ಯೋಗೇಂದ್ರ ಏದುಸಿರು ಬಿಟ್ಟ.

ಮಾಲತಿ ಹೋತದ ಎಡಗಿವಿ ಎತ್ತಿ ನೋಡಿದಳು. ತುದಿ ಹರಿದಿತ್ತು.

"ನಾಯಿ ಕಚ್ಚಿದ ಗಾಯ. ಅರಿಶಿನ ಹಚ್ಚಿದ್ದು ನಾನೇ," ಎಂದಳು. "ಇದು ನಮ್ಮ ಕೆಂಪಿ ಆಡಿನ ಮಗ. ನೀವು ಬೆಳಿಗ್ಗೆ ಕೊಟ್ಟು ಬಂದ್ರಲ್ಲ, ಅದರ ಜೊತೆ ಹುಟ್ಟಿದ್ದು. ಹೋದ ವರ್ಷ ಶೃಂಗೇರಿ ಸಂತೆಲಿ ಮಾರಿದ್ದೆ."

"ನನಗೆ ಗುರುತೇ ಸಿಗ್ಲಿಲ್ವಲ್ಲೇ!"

"ದಿನಾ ಮೇಯಿಸಿದೋರಿಗಲ್ವಾ ಗುರುತು ಸಿಗೋದು?"

ಕಮಲಕ್ಕ ಬೇಲಿ ಹಿಡಿದುಕೊಂಡು ನಕ್ಕಳು. ಯೋಗೇಂದ್ರನಿಗೆ ನಾಚಿಕೆಯೂ ಸಂಕಟವೂ ಒಟ್ಟಿಗೇ ಬಂದವು. ಅಷ್ಟರಲ್ಲಿ ಭೈರಪ್ಪನ ಫೋನು ಬಂತು.

"ಯೋಗೇಂದ್ರಣ್ಣ, ನಿಮ್ಮ ಕೆಂದು ಹೋತ ಎಂಥ ಚುರುಕು ಮಾರಾಯ್ರೆ! ನಮ್ಮ ಪಕ್ಕದ ಮನೆಯೋರಿಗೂ ಅದೇ ರಕ್ತ ಬೇಕಂತೆ. ಅದರ ಜೊತೆ ಹುಟ್ಟಿದ್ದು ಎಲ್ಲಾದ್ರೂ ಇದ್ಯಾ?"

ಯೋಗೇಂದ್ರ ಬಾನಿಯ ಕಡೆ ನೋಡಿದ.

"ಇದೆ ಭೈರಪ್ಪಣ್ಣ," ಎಂದ. "ಇವತ್ತು ನಿಮ್ಮ ಮನೆಯಿಂದಲೇ ತಂದೆ."