ಘಟದ ದೀಪವೂ ನಮ್ಮವರ ಕಾಲುಚೀಲವೂ

ಬೇರೆಯವರ ಮನೆಯಲ್ಲಿ ವರ್ಷಕ್ಕೊಮ್ಮೆ ಆಗುವ ಫಜೀತಿ ನಮ್ಮ ಮನೆಯಲ್ಲಿ ನವರಾತ್ರಿಯೊಂದರಲ್ಲೇ ಒಂಬತ್ತು ಸಲ ಆಗುತ್ತದೆ. ಸಂತಪುರದ ಕಡೆ ದೇವಿಯ ಘಟವೂ ಸೋಯಾ ಕೊಯ್ಲೂ ಕೂಡಿಯೇ ಬರುತ್ತವೆ. ದೇವಿಯ ಹೆಸರಲ್ಲಿ ಕಲಶ ಕೂರಿಸಿ ಘಟ ಹಾಕಿದ ಮೇಲೆ ಅದರ ಮುಂದಿನ ದೀಪ ಒಂಬತ್ತು ದಿನ ಆರಬಾರದು, ಮನೆಗೆ ಕೀಲಿ ಹಾಕಬಾರದು. ಇತ್ತ ಒಣಗಿದ ಸೋಯಾ ನಾಲ್ಕು ದಿನ ತಡವಾದರೆ ಕಾಯಿ ಸಿಡಿದು ಕಾಳೆಲ್ಲ ನೆಲದ ಪಾಲು.

ಹೋದ ವರ್ಷ ಮನೆಯಲ್ಲಿದ್ದವರು ನಾವು ಗಂಡಹೆಂಡತಿ ಇಬ್ಬರೇ. ಅತ್ತೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬೀದರದಲ್ಲಿ ಮಗಳ ಮನೆಯಲ್ಲಿದ್ದರು. ಅಲ್ಲಿಂದಲೇ ಫೋನು ಮಾಡಿ, “ಮೂವತ್ತು ವರ್ಷ ನನ್ನ ಕೈಯಾಗ ದೀಪ ಆರಿಲ್ಲ. ಒಂಬತ್ತನೇ ದಿನ ಬಂದು ನೋಡ್ತೇನಿ” ಎಂದರು. ಮದುವೆಯಾದ ಮೇಲೆ ಮೊದಲ ಸಲ ದೀಪ ನನ್ನ ಕೈಗೆ ಬಂದಿತ್ತು. ನಿಜ ಹೇಳುತ್ತೇನೆ, ನನಗೆ ದೇವಿಯ ಅಂಜಿಕೆ ಅಷ್ಟಿರಲಿಲ್ಲ, ಇದ್ದದ್ದು ಅತ್ತೆಯದು.

೧. ನೇಮ

ನವರಾತ್ರಿಯಲ್ಲಿ ಅತ್ತೆ ಚಪ್ಪಲಿ ಮೆಟ್ಟುತ್ತಿರಲಿಲ್ಲ. ಈ ಸಲ ಅವ್ವನ ಬದಲು ಆ ನೇಮ ತಾನೇ ಹಿಡಿಯುತ್ತೇನೆ ಎಂದು ನಮ್ಮವರು ಸಂಕಲ್ಪ ಮಾಡಿಬಿಟ್ಟರು. ನಾನು ಸೊಸೆಯಾಗಿ ಬಂದ ಮೇಲೆ ಅತ್ತೆ ಬರಿಗಾಲಲ್ಲಿ ನಡೆಯುತ್ತಿದ್ದದ್ದು ಅಂಗಳದಲ್ಲಿ. ಇವರು ಇಳಿದದ್ದು ಕೊಯ್ದ ಸೋಯಾದ ಹೊಲಕ್ಕೆ. ಆ ಕೂಳೆ ಅಂದರೆ ಮೊಳೆ ನೆಟ್ಟ ಹಾಗೆ. ಅರ್ಧ ತಾಸಿಗೇ ಕುಂಟುತ್ತ ಮನೆಗೆ ಬಂದು, ಮೂರು ಜೊತೆ ಕಾಲುಚೀಲ ಒಂದರ ಮೇಲೊಂದು ಏರಿಸಿ ಹೊರಟರು.

ಎದುರುಮನೆಯ ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಆಕೆ ಶರಣೆ. ಕೊರಳಲ್ಲಿ ಇಷ್ಟಲಿಂಗ ಬಿಟ್ಟರೆ ಬೇರೆ ದೇವರ ಕಡೆ ಕಣ್ಣೆತ್ತಿ ನೋಡುವವಳಲ್ಲ. ನಮ್ಮ ಘಟ ಕಂಡರೆ ಆಕೆಗೆ ನಗು.

“ಇದ್ಯಾವ ನೇಮನೋ ತಮ್ಮಾ?”

“ಚಪ್ಪಲಿ ಬ್ಯಾಡಂದಾರ ಆಯಿ. ಕಾಲುಚೀಲದ ಮಾತು ಯಾರೂ ತಗದಿಲ್ಲ.”

ಸಂಜೆ ಆ ಕಾಲುಚೀಲಗಳಿಗೆ ಹತ್ತಿದ ಮುಳ್ಳು ಬಿಡಿಸುತ್ತ ಎರಡು ತಾಸು ಕೂತೆ. ನೇಮ ಅವರದು, ಶಿಕ್ಷೆ ನನ್ನದು.

೨. ಎಣ್ಣೆ

ಹೊಲದಿಂದ ಬಂದವಳೇ ಕೈಕಾಲು ತೊಳೆದು ದೀಪದ ಕಡೆ ಓಡುತ್ತಿದ್ದೆ. ನೋಡಿದರೆ ಹಣತೆ ತುಂಬ ಎಣ್ಣೆ! ನಡುವೆ ಇವರು ಬಂದು ಹಾಕಿ ಹೋಗಿದ್ದಾರೆ ಅಂದುಕೊಂಡೆ. ಇವರು ನಾನು ಹಾಕಿದೆ ಅಂದುಕೊಂಡರು. ಇಬ್ಬರಿಗೂ ಒಳಗೊಳಗೇ ಖುಷಿ.

ಐದನೇ ದಿನ ಎಣ್ಣೆಯ ಡಬ್ಬಿ ಎತ್ತಿದೆ. ಒಂದು ಹಣತೆಗೆ ಇಷ್ಟು ಖರ್ಚಾಗದು ಅನ್ನುವಷ್ಟು ಹಗುರಾಗಿತ್ತು. ಖುಷಿಯೂ ಹಗುರಾಯಿತು.

“ಖರೇ ಹೇಳ್ರಿ, ದೀಪದ ಎಣ್ಣಿ ಕಾಲಿಗಿ ತಿಕ್ಕೋಳಕತ್ತೀರೇನು?”

“ನೀ ಖರೇ ಹೇಳು. ಉಪವಾಸ ಅಂತ ಹೇಳಿ ಒಬ್ಬಾಕಿನೇ ಭಜಿ ಕರದು ತಿನ್ನಾಕತ್ತಿ ಹೌದಿಲ್ಲೋ?”

ನಾನು ಅವರ ಕಾಲು ಮೂಸಿದೆ. ಅವರು ನನ್ನ ಬಾಣಲೆ ಮೂಸಿದರು. ಎಣ್ಣೆಯ ವಾಸನೆ ಎರಡರಲ್ಲೂ ಇರಲಿಲ್ಲ. ಅವರ ಕಾಲಿನಲ್ಲಿದ್ದ ವಾಸನೆಯ ಸುದ್ದಿ ಬೇಡ.

೩. ಬಸ್ ನಿಲ್ದಾಣ

ಏಳನೇ ದಿನ ಮೋಡ ಕಟ್ಟಿತು. ಕೊಯ್ದ ಸೋಯಾ ಹೊಲದಲ್ಲೇ ಬಿದ್ದಿತ್ತು, ಆಳುಗಳ ಪತ್ತೆಯಿಲ್ಲ. ತವರೂರು ಹಲಬರ್ಗಾಕ್ಕೆ ಹೋಗಿ ನಮ್ಮಣ್ಣನನ್ನು ಕರೆತರುವುದು ಎಂದುಕೊಂಡೆ. ಫೋನಿನಲ್ಲಿ ಕರೆದರೆ ಅವನು “ಬರ್ತೇನಿ” ಅನ್ನುತ್ತಾನೆ, ಎದುರಿಗೆ ನಿಂತು ಕರೆದರೆ ಮಾತ್ರ ಬರುತ್ತಾನೆ. ಕೊಟ್ಟಿಗೆಯಿಂದ ಇವರ ಕೆಮ್ಮು ಕೇಳಿತು. ಸರಿ, ಮನೆಯಲ್ಲಿದ್ದಾರಲ್ಲ ಎಂದು ಹೊರಟೆ.

ಸಂತಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಯಾರೋ ಬಂದು ನಿಂತರು. ಕೆಳಗೆ ನೋಡಿದೆ, ಕಾಲುಚೀಲ.

“ನೀ ಇಲ್ಲಿ ಯಾಕ?”

“ನೀವು ಇಲ್ಲಿ ಯಾಕ್ರೀ?”

“ಸೋಯಾ ಬಡಿದು ರಾಶಿ ಮಾಡೋ ಮಷೀನ್ ಕೇಳಲಾಕ ಔರಾದಕ್ಕ ಹೊಂಟೇನಿ. ದೀಪದ ಹತ್ರ ಯಾರದಾರ?”

“ನೀವದೀರಿ ಅಂದ್ಕೊಂಡಿದ್ದೆ!”

ಎರಡೂ ಬಸ್ಸು ಬಂದವು, ಎರಡೂ ಹೋದವು. ನಾವು ಆಟೋ ಹಿಡಿದು ಮನೆಗೆ ಹಾರಿದೆವು. ದೀಪ ನೆಟ್ಟಗೆ ಉರಿಯುತ್ತಿತ್ತು, ಹಣತೆ ತುಂಬಿತ್ತು. ನನಗೆ ಅಳುವೇ ಬಂತು. “ದೇವಿ ತಾನೇ ಕಾಯಾಕತ್ತಾಳ” ಎಂದು ಅಡ್ಡಬಿದ್ದೆ.

ಇವರು ಕೈ ಮುಗಿದರು, ಆಮೇಲೆ ಡಬ್ಬಿ ಅಲುಗಾಡಿಸಿ ನೋಡಿದರು. “ದೇವಿಗಿ ನಮ್ಮ ಡಬ್ಬಿ ಎಲ್ಲಿಟ್ಟೀವಿ ಅಂತ ಹ್ಯಾಂಗ ಗೊತ್ತಾತು?”

೪. ಒಂಬತ್ತನೇ ದಿನ

ಅಣ್ಣ ಫೋನಿನಲ್ಲಿ ಕರೆದದ್ದಕ್ಕೇ ಬಂದುಬಿಟ್ಟ, ಅದೇ ದೊಡ್ಡ ಪವಾಡ. ಮಷೀನೂ ಬಂತು. ಅಣ್ಣ ಕಟ್ಟು ಎತ್ತಿಕೊಡುವುದು, ಇವರು ಮಷೀನಿಗೆ ಹಾಕುವುದು, ನಾನು ಚೀಲ ಹಿಡಿಯುವುದು. ನಾಲ್ಕು ಹನಿ ಬೀಳುವ ಹೊತ್ತಿಗೆ ಕೊನೆಯ ಚೀಲದ ಬಾಯಿ ಹೊಲಿದೆವು. ಸೋಯಾ ಉಳಿಯಿತು. ಮೂವರೂ ನಕ್ಕೆವು. ನಗುತ್ತಲೇ ಇವರು ನನ್ನ ಮುಖ ನೋಡಿದರು, ನಾನು ಅಣ್ಣನ ಮುಖ ನೋಡಿದೆ.

“ನಂಗ್ಯಾಕ ನೋಡ್ತಿ? ನಂಗ ದೀಪದ ಸುದ್ದಿ ಯಾರ ಹೇಳ್ಯಾರ?” ಎಂದ ಅಣ್ಣ.

ನಾವೆಲ್ಲ ಓಡಿದೆವು. ನಮ್ಮವರಂತೂ ಕಾಲುಚೀಲ ಜಾರಿದ್ದನ್ನೂ ನೋಡಲಿಲ್ಲ.

ಬಾಗಿಲಲ್ಲಿ ಅತ್ತೆಯ ಚೀಲ ಕಂಡಿತು. ಒಳಗೆ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಘಟದ ಮುಂದೆ ಕೂತಿದ್ದರು. ಪಕ್ಕದಲ್ಲಿ ಎದುರುಮನೆಯ ಆಯಿ, ಆಕೆಯ ಕೈಯಲ್ಲಿ ನಮ್ಮ ಎಣ್ಣೆಯ ಡಬ್ಬಿ.

“ಆಯಿ, ನೀವೇನ್ರೀ?” ಎಂದೆ.

“ಮತ್ತ ಯಾರು? ನಂಗ ಇದ್ರಾಗ ನಂಬಿಕಿ ಇಲ್ಲವ್ವ. ಆದ್ರ ನಮ್ಮ ಕಟ್ಟಿ ಮ್ಯಾಲ ಕುಂತ್ರ ನಿಮ್ಮ ದೀಪ ಕಾಣ್ತದ. ಸಣ್ಣಾತು ಅಂದ್ರ ಜೀವ ತಡಿಯಲ್ಲ, ಎದ್ದು ಬಂದು ಹಾಕಿ ಹೋಗ್ತೇನಿ.”

ನಾನು ತಲೆ ತಗ್ಗಿಸಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಗಂಟಲು ಸರಿಮಾಡಿಕೊಂಡರು. “ನೋಡವ್ವ, ದೀಪ ಕಾಯೋದು ಅಂದ್ರ ಹುಡುಗಾಟ ಅಲ್ಲ. ಮೂವತ್ತು ವರ್ಷ ನನ್ನ ಕೈಯಾಗ...”

“ಹೂಂ, ಮೂವತ್ತು ವರ್ಷ,” ಎಂದು ಆಯಿ ಡಬ್ಬಿ ಕೆಳಗಿಟ್ಟಳು. “ನಿಮ್ಮತ್ತಿ ಹರೇದಾಗ ರಾಶಿಗಿ ಹೋದಾಗೂ ನಾನೇ ಹಾಕ್ತಿದ್ದೆ.”

ಅತ್ತೆ ನನ್ನ ಕಡೆ ನೋಡಲಿಲ್ಲ, ದೇವಿಯ ಕಡೆಯೂ ನೋಡಲಿಲ್ಲ. ಮಗನ ಕಾಲು ನೋಡಿ, “ಇದೇನೋ ನಿನ್ನ ಅವತಾರ?” ಎಂದರು.