ನನ್ನ ಬೋಳುತಲೆಯ ಮೇಲೆ ತಾವು ಬೆಳೆಸಿದ ಕೂದಲಿನ ಬಗ್ಗೆ

ಕೇಶತೈಲ ಕಂಪನಿಯ ಸಾರ್ವಜನಿಕ ಸಂಪರ್ಕಾಧಿಕಾರಿಗಳಾದ ಮಾನ್ಯರೇ,

ಸಕಲ ಕೇಶಸಂಪತ್ತಿನಿಂದ ಶೋಭಿಸುತ್ತಿರುವ ತಮ್ಮ ತಲೆಗೂ, ಅದರೊಳಗೆ ಇರಬಹುದಾದದ್ದಕ್ಕೂ ಈ ಬೋಳುತಲೆಯವನ ಅನಂತ ನಮಸ್ಕಾರಗಳು.

ಬೋಳುತಲೆಯವರ ಸುಖದುಃಖಗಳ ಬಗ್ಗೆಯೇ ಬ್ಲಾಗ್ ಬರೆಯುವ ನನ್ನನ್ನು, ಅದರ ಒಂದು ಸಾಲನ್ನೂ ಓದದೆ ತಮ್ಮ ಎಣ್ಣೆಯ ಪ್ರಚಾರಕ್ಕೆ ಆರಿಸಿಕೊಂಡ ತಮ್ಮ ವಿಶಾಲ ಮನಸ್ಸಿಗೆ ಏನೆನ್ನಲಿ? ಮೀಸೆ ಹೊತ್ತ ನನ್ನನ್ನು ‘ಪ್ರೀತಿಯ ಬ್ಲಾಗರ್ ಮೇಡಂ’ ಎಂದು ಕರೆದು, ಒಂದು ಬಾಟಲಿ ಎಣ್ಣೆಯ ಜೊತೆಗೆ ‘ನನ್ನ ಅನುಭವ’ ಎಂಬ ಲೇಖನವನ್ನೂ ನನ್ನ ಹೆಸರಿನಲ್ಲಿ ತಾವೇ ಬರೆದು ಕಳಿಸಿದಿರಿ. ಸೊಂಟದವರೆಗೆ ಇಳಿಬಿದ್ದ ನನ್ನ ಜಡೆಯನ್ನು ಕಂಡು ಅತ್ತೆಯವರು ಹೊಟ್ಟೆಕಿಚ್ಚು ಪಟ್ಟರೆಂದು ಅದರಲ್ಲಿ ಓದಿ ನನಗೂ ಹೆಮ್ಮೆಯಾಯಿತು. ಆದರೂ ಬೇಡವೆಂದು ವಿನಯದಿಂದ ಬರೆದು, ಬಾಟಲಿಯನ್ನು ಹಿಂದಕ್ಕೆ ಕಳಿಸಿದೆ.

ತಮ್ಮ ಕಚೇರಿಯವರು ಅದನ್ನು ಒಪ್ಪಿಗೆಯೆಂದೇ ತಿಳಿಯುವಷ್ಟು ಉದಾರಿಗಳೆಂದು ನನಗೇನು ಗೊತ್ತು? ಮುಂದಿನ ವಾರವೇ ತಮ್ಮ ಜಾಹೀರಾತಿನಲ್ಲಿ ನನ್ನ ಬ್ಲಾಗಿನ ಹೆಸರು, ನನ್ನ ಫೋಟೊ, ಫೋಟೊದ ತಲೆತುಂಬ ಗುಂಗುರು ಕೂದಲು. ವಿಗ್ ಎಲ್ಲಿ ಕೊಂಡೆಯೆಂದು ಅಕ್ಕ ಫೋನ್ ಮಾಡಿ ಕೇಳಿದಳು. ನನ್ನ ತಲೆ ಬೋಳಿಸುವ ಕ್ಷೌರಿಕರು, ಇವನು ಬೇರೆ ಅಂಗಡಿ ಹಿಡಿದನೆಂದು ಮುಖ ಊದಿಸಿಕೊಂಡಿದ್ದಾರೆ. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ.

ಆದರೆ ಕಾಯಿಲೆಯ ಚಿಕಿತ್ಸೆಯಿಂದ ಕೂದಲೆಲ್ಲ ಉದುರಿಹೋದ ಒಬ್ಬ ಹುಡುಗಿ ನನ್ನ ಬ್ಲಾಗ್ ಓದುತ್ತಾಳೆ. “ಅಣ್ಣಾ, ನೀವೇ ಹೇಳಿದ್ದೀರಲ್ಲ ಅಂತ ಎಣ್ಣೆ ತರಿಸ್ಕೊಂಡೆ. ಕಾಲೇಜು ಶುರುವಾಗೋಷ್ಟರಲ್ಲಿ ಕೂದಲು ಬಂದುಬಿಡುತ್ತಾ?” ಎಂದು ಬರೆದಿದ್ದಾಳೆ. ಕೂದಲಿಲ್ಲದೆಯೂ ತಲೆಯೆತ್ತಿ ನಡೆಯಬಹುದು ಎಂಬ ನನ್ನ ಮಾತನ್ನು ಅವಳು ನಂಬಿದ್ದಳು ಸ್ವಾಮಿ. ಈಗ ಅದು ಸುಳ್ಳೆಂದು ನಾನೇ ಹೇಳಿದಂತಾಗಿದೆ.

ಆದುದರಿಂದ ದಯಮಾಡಿ, ಫೋಟೊದಲ್ಲಿರುವಂಥದೇ ಗುಂಗುರು ಕೂದಲನ್ನು ಬರುವ ಸೋಮವಾರದೊಳಗೆ ನನ್ನ ತಲೆಯ ಮೇಲೂ ಬೆಳೆಸಿಕೊಡಿ. ಇಲ್ಲವೇ, ಇವನು ಒಪ್ಪಲೇ ಇಲ್ಲ, ಇದನ್ನು ಹೇಳಲೂ ಇಲ್ಲ ಎಂದು ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ಮೊದಲನೆಯದೇ ತಮಗೆ ಸುಲಭವೆಂದು ಬಲ್ಲೆ. ಇನ್ನು ಮುಂದೆ ಯಾವ ಬ್ಲಾಗರನ್ನಾದರೂ ‘ಪ್ರೀತಿಯ’ ಎನ್ನುವ ಮೊದಲು ಅವರು ಬರೆದ ಒಂದು ಪುಟವನ್ನಾದರೂ ಓದುವ ಶ್ರಮ ವಹಿಸಬೇಕಾಗಿ ಬೇಡಿಕೊಳ್ಳುತ್ತೇನೆ.

ಕೂದಲೆಳೆಯಷ್ಟೂ ಬದಲಾಗದ
ತಮ್ಮ ವಿಶ್ವಾಸಿ,
ಮೀಸೆಯುಳ್ಳ ಮೇಡಂ

ಮರೆತ ಮಾತು: ಆ ಹುಡುಗಿಗೆ ನಾನು ನಿಜ ತಿಳಿಸಿದೆ. ತಮ್ಮ ಎಣ್ಣೆಯನ್ನು ಅವಳು ತನ್ನ ಕೋಣೆಯ ಕಿರುಗುಟ್ಟುತ್ತಿದ್ದ ಬಾಗಿಲಿನ ತಿರುಗಣಿಗೆ ಬಿಟ್ಟಳಂತೆ. ಸದ್ದು ಪೂರ್ತಿ ನಿಂತಿದೆಯಂತೆ. ನನ್ನ ಬ್ಲಾಗನ್ನು ಮತ್ತೆ ಓದುತ್ತಾಳೋ ಇಲ್ಲವೋ, ಅದನ್ನು ಮಾತ್ರ ಹೇಳಿಲ್ಲ. ಬಾಗಿಲಿನ ಸದ್ದು ನಿಂತದ್ದು ತಮ್ಮ ಎಣ್ಣೆಗೆ ದಕ್ಕಿದ ಮೊದಲ ನಿಜವಾದ ಹೊಗಳಿಕೆ, ಜಾಹೀರಾತಿಗೆ ಚೆನ್ನಾಗಿ ಒಪ್ಪುತ್ತದೆ; ಆದರೆ ಈ ಸಲ ಮೊದಲು ಅವಳನ್ನು ಕೇಳಿ.